ಒಳಲೆಯ ಬೆಳ್ಳಿ

ಪಿರಿಯಾಪಟ್ಟಣದ ಸೀಮೆ ಬೆಳ್ಳಿ ಹುಟ್ಟುವ ನೆಲವಲ್ಲ. ಕೋಲಾರದಲ್ಲಿ ಹೊನ್ನಿನ ಗಣಿಯಿತ್ತು, ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಈಗಲೂ ಇದೆ; ಬೆಳ್ಳಿಗೆಂದೇ ತೋಡಿದ ದೊಡ್ಡ ಗಣಿ ಕನ್ನಡನಾಡಿನಲ್ಲಿಲ್ಲ. ಹಾಗಿದ್ದೂ ಇಲ್ಲಿನ ಹಾರನಹಳ್ಳಿ ಹೋಬಳಿಯ ಯಾವ ಮನೆಗೆ ಹೋದರೂ ಒಂದಿಷ್ಟು ಬೆಳ್ಳಿ ಇದ್ದೇ ಇರುತ್ತದೆ. ಮುತ್ತೈದೆಯ ಕಾಲುಂಗುರ, ಕೂಸಿನ ಉಡಿದಾರ, ದೇವರ ಗೂಡಿನ ದೀಪ, ಕುಂಕುಮದ ಬಟ್ಟಲು; ಅನುಕೂಲಸ್ಥರ ಮನೆಯಾದರೆ ಅಳಿಯನ ಎಲೆಯ ಪಕ್ಕಕ್ಕೆ ಇಡುವ ಲೋಟ. ಇಷ್ಟೂ ಬೆಳ್ಳಿ ಹೊರಗಿನಿಂದ ಬಂದದ್ದು. ಅದರಲ್ಲಿ ಹೆಚ್ಚಿನ ಪಾಲು ಸಮುದ್ರ ದಾಟಿ ಬಂದದ್ದು.

ಈ ಬೆಳ್ಳಿಯ ಸಾಲಿನಲ್ಲಿ ಅತಿ ಚಿಕ್ಕ ಪಾತ್ರೆ ಒಳಲೆ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು, ದೋಣಿಯ ಹಾಗೆ ಗುಳಿಬಿದ್ದ ಒಡಲು, ಮುಂದಕ್ಕೆ ಚಾಚಿದ ಉದ್ದನೆಯ ಮೂತಿ. ಕೂಸನ್ನು ಕಾಲಮೇಲೆ ಮಲಗಿಸಿಕೊಂಡ ಅಜ್ಜಿ, ಬಜೆ ತೇಯ್ದ ಹಾಲನ್ನು ಆ ಮೂತಿಯಿಂದ ತೊಟ್ಟುತೊಟ್ಟಾಗಿ ಇಳಿಸುತ್ತಾಳೆ. ಮನುಷ್ಯನ ಬಾಯಿಗೆ ತಾಗುವ ಮೊದಲ ಬೆಳ್ಳಿ ಅದು. ಇಲ್ಲಿಂದ ಸಾವಿರಾರು ಮೈಲಿ ಆಚೆಯ ಹಾಲೆಂಡಿನಲ್ಲಿಯೂ ಕೂಸು ಹುಟ್ಟಿದರೆ ಬೆಳ್ಳಿಯ ಚಮಚ ಕೊಡುವ ವಾಡಿಕೆ ಇತ್ತು. ಆ ಚಮಚದ ಮೇಲೆ ಕೂಸಿನ ಹೆಸರು, ಹುಟ್ಟಿದ ದಿನ, ತಿಂಗಳು, ವರ್ಷ ಎಲ್ಲವನ್ನೂ ಕೊರೆಸುತ್ತಿದ್ದರು. ನಮ್ಮ ಒಳಲೆಯ ಮೇಲೆ ಏನೂ ಇರುವುದಿಲ್ಲ. ಇನ್ನೂರೈವತ್ತು ವರ್ಷದ ಹಿಂದಿನ ಡಚ್ ಕೂಸಿನ ಹೆಸರನ್ನು ಇಂದೂ ಓದಬಹುದು. ನಮ್ಮ ಮುತ್ತಜ್ಜಿ ಹಾಲು ಕುಡಿದ ಒಳಲೆ ಯಾವುದೆಂದು ಯಾರಿಗೂ ಗೊತ್ತಿಲ್ಲ. ಒಂದೇ ಲೋಹ ಒಂದು ನಾಡಿನಲ್ಲಿ ಹೆಸರಾಗಿ ಉಳಿಯಿತು, ಇನ್ನೊಂದು ನಾಡಿನಲ್ಲಿ ತೂಕವಾಗಿ ಉಳಿಯಿತು. ಈ ಕಥನ ಆ ಎರಡು ದಾರಿಗಳದ್ದು.

ಬೆಳ್ಳಿ ಹೊರಟ ಊರು

1545ರಲ್ಲಿ ದಕ್ಷಿಣ ಅಮೆರಿಕದ ಪೊಟೋಸಿ ಬೆಟ್ಟದಲ್ಲಿ, ಇಂದಿನ ಬೊಲಿವಿಯಾದಲ್ಲಿ, ಸ್ಪೇನಿನವರಿಗೆ ಬೆಳ್ಳಿಯ ನಿಧಿಯೇ ಸಿಕ್ಕಿತು. ಆ ಬೆಳ್ಳಿ ವರ್ಷವರ್ಷವೂ ಹಡಗಿನ ದಂಡಿನಲ್ಲಿ ಅಟ್ಲಾಂಟಿಕ್ ಸಾಗರ ದಾಟುತ್ತಿತ್ತು. ಸ್ಪೇನಿನ ಆಳ್ವಿಕೆಯ ವಿರುದ್ಧ ದಂಗೆಯೆದ್ದಿದ್ದ ಡಚ್ಚರು ಆ ದಂಡಿನ ಮೇಲೆ ಕಣ್ಣಿಟ್ಟು ಕಾದಿದ್ದರು. 1628ರಲ್ಲಿ ಪೀಟ್ ಹೈನ್ ಎಂಬ ನೌಕಾನಾಯಕ ಕ್ಯೂಬಾದ ಮಟಾನ್ಸಾಸ್ ಕೊಲ್ಲಿಯಲ್ಲಿ ಇಡೀ ಬೆಳ್ಳಿದಂಡನ್ನೇ ಹಿಡಿದುಬಿಟ್ಟ. ಹೀಗೆ ಸೂರೆಯಿಂದ ಬಂದದ್ದಕ್ಕಿಂತ ವ್ಯಾಪಾರದಿಂದ ಬಂದದ್ದು ಬಹಳ. 1602ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ, 1609ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವಿನಿಮಯ ಬ್ಯಾಂಕು ಹುಟ್ಟಿದವು. ಲೋಕದ ಬೆಳ್ಳಿಯೆಲ್ಲ ಒಮ್ಮೆಯಾದರೂ ಆಮ್‌ಸ್ಟರ್‌ಡ್ಯಾಮಿನ ತಕ್ಕಡಿ ಹತ್ತಿ ಇಳಿಯಬೇಕು ಎನ್ನುವ ಕಾಲ ಬಂತು.

ಅಲ್ಲಿ ಬೆಳ್ಳಿಗೆ ದಾರಿ ಕವಲೊಡೆಯಿತು. ಒಂದು ಪಾಲು ಸಾಹುಕಾರರ ಊಟದ ಮೇಜಿಗೆ ಹೋಯಿತು, ಇನ್ನೊಂದು ಪಾಲು ಹಡಗು ಹತ್ತಿತು.

ಮೇಜಿಗೆ ಹೋದ ಬೆಳ್ಳಿಯ ವೈಭವವೇ ಬೇರೆ. ಯೂಟ್ರೆಕ್ಟ್ ನಗರದ ವಾನ್ ವಿಯಾನನ್ ಮನೆತನದ ಅಣ್ಣತಮ್ಮಂದಿರು ಆ ಕಾಲದ ಮಹಾ ಅಕ್ಕಸಾಲಿಗರು. ಅವರಲ್ಲಿ ಪೌಲಸ್ 1613ರಲ್ಲಿ ಪ್ರಾಗ್ ನಗರದಲ್ಲಿ ತೀರಿಕೊಂಡ. ಅವನ ನೆನಪಿಗೆ ಆಮ್‌ಸ್ಟರ್‌ಡ್ಯಾಮಿನ ಅಕ್ಕಸಾಲಿಗರ ಸಂಘ ಅವನ ಸೋದರ ಆಡಮ್ ಕೈಯಲ್ಲಿ 1614ರಲ್ಲಿ ಒಂದು ಹೂಜಿ ಮಾಡಿಸಿತು. ಒಂದೇ ಬೆಳ್ಳಿಯ ತಗಡನ್ನು ಬಡಿದು ಬಡಿದು ಎಬ್ಬಿಸಿದ ಪಾತ್ರೆ. ಕಿವಿಯ ಹಾಲೆಯಂತೆ ಮಡಿಚಿಕೊಂಡ ಅಂಚು, ಕರಗಿ ಇಳಿಯುತ್ತಿರುವ ಮೇಣದಂಥ ಮೈ, ಭಾರ ಹೊತ್ತು ಕುಕ್ಕುರುಗಾಲಲ್ಲಿ ಕೂತ ಕೋತಿಯೇ ಅದರ ಪಾದ. ಗಟ್ಟಿ ಲೋಹವನ್ನು ನೀರಿನ ಹಾಗೆ ತೋರಿಸುವ ಆ ಕಲೆಗೆ ಡಚ್ ಚಿತ್ರಕಾರರೂ ಮರುಳಾಗಿ ಆ ಹೂಜಿಯನ್ನು ತಮ್ಮ ಚಿತ್ರಗಳಲ್ಲಿ ಮತ್ತೆಮತ್ತೆ ಬರೆದರು. ಇಂದು ಅದು ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿದೆ.

ಹೂಜಿಯಂಥದ್ದು ಅಪರೂಪ. ಸಾಮಾನ್ಯ ಸಾಹುಕಾರನ ಮನೆಯಲ್ಲಿದ್ದದ್ದು ಚಮಚ, ಉಪ್ಪಿನ ಬಟ್ಟಲು, ಮೆಣಸಿನ ಪುಡಿ ಉದುರಿಸುವ ತೂತುಮುಚ್ಚಳದ ಡಬ್ಬಿ, ದೀಪದ ಕಂಬ, ಎರಡು ಕಿವಿಯ ಬ್ರಾಂದಿ ಬಟ್ಟಲು, ಹೊಗೆಸೊಪ್ಪಿನ ಡಬ್ಬಿ. ಇವುಗಳಲ್ಲಿ ಯಾವುದನ್ನೇ ತಿರುವಿ ಹಾಕಿ ಬೆನ್ನು ನೋಡಿದರೂ ಸಣ್ಣಸಣ್ಣ ಮುದ್ರೆಗಳು ಕಾಣುತ್ತವೆ. ಮೊದಲನೆಯದು ಊರಿನ ಮುದ್ರೆ: ಆಮ್‌ಸ್ಟರ್‌ಡ್ಯಾಮಿಗೆ ಕಿರೀಟದ ಕೆಳಗೆ ಮೂರು ಕತ್ತರಿಗುರುತು, ಹೇಗ್ ನಗರಕ್ಕೆ ಕೊಕ್ಕರೆ, ಲೈಡನ್ನಿಗೆ ಅಡ್ಡಡ್ಡ ಇಟ್ಟ ಎರಡು ಬೀಗದ ಕೈ. ಎರಡನೆಯದು ಮಾಡಿದ ಅಕ್ಕಸಾಲಿಗನ ಗುರುತು. ಮೂರನೆಯದು ಒಂದು ಅಕ್ಷರ. ವರ್ಷವರ್ಷಕ್ಕೂ ಬದಲಾಗುವ ಆ ಅಕ್ಷರದಿಂದ ಪಾತ್ರೆಯನ್ನು ಪರೀಕ್ಷೆಗೆ ತಂದ ವರ್ಷವೇ ತಿಳಿಯುತ್ತದೆ. 1663ರಿಂದ ಹಾಲೆಂಡ್ ಪ್ರಾಂತ್ಯದ ಉತ್ತಮ ದರ್ಜೆಯ ಬೆಳ್ಳಿಗೆ ಕಿರೀಟ ತೊಟ್ಟ ಸಿಂಹದ ಮುದ್ರೆಯೂ ಸೇರಿತು. ಮೋಸ ತಡೆಯಲೆಂದು ಹಾಕಿದ ಈ ಗುರುತುಗಳು ಮುಂದೊಂದು ದಿನ ಆ ಪಾತ್ರೆಗಳ ಜಾತಕವಾಗುತ್ತವೆಂದು ಹಾಕಿದವರಿಗೆ ಗೊತ್ತಿರಲಿಲ್ಲ.

ಪೀಟರ್ ಕ್ಲಾಸ್ ಎಂಬ ಹಾರ್ಲೆಮ್ ನಗರದ ಕಲಾವಿದ 1627ರಲ್ಲಿ ಒಂದು ಊಟದ ಮೇಜನ್ನು ಬರೆದಿದ್ದಾನೆ. ಸೀಮೆಕೋಳಿಯ ಕಡುಬು, ಶಂಖಕ್ಕೆ ಲೋಹದ ಕಟ್ಟು ಹಾಕಿದ ಬಟ್ಟಲು, ಹಣ್ಣು, ರೊಟ್ಟಿ. ಒಂದು ಬದಿಯಲ್ಲಿ ಹಳೆಯ ಪಂಚಾಂಗದ ಹಾಳೆ ಹರಿದು ಕಟ್ಟಿದ ಪೊಟ್ಟಣ, ಅದರಲ್ಲಿರುವುದು ಕರಿಮೆಣಸು. ಆ ಮೆಣಸು ಜಾವಾದ್ದೋ ಮಲಬಾರಿನದೋ ಚಿತ್ರ ಹೇಳುವುದಿಲ್ಲ. ಆದರೆ ಮೇಜಿನ ಮೇಲೆ ಆ ಚಿಟಿಕೆ ಮೆಣಸು ಬೀಳಬೇಕಾದರೆ ಬೆಳ್ಳಿಯ ಇನ್ನೊಂದು ಪಾಲು ಹಡಗು ಹತ್ತಲೇಬೇಕಿತ್ತು.

ಹಡಗು ಹತ್ತಿದ ಬೆಳ್ಳಿ

ಡಚ್ಚರ ಉಣ್ಣೆಬಟ್ಟೆ ನಮ್ಮ ಸೆಕೆಗೆ ಬೇಡ, ಅವರ ಬೆಣ್ಣೆ ಗಿಣ್ಣು ನಮ್ಮ ನಾಲಗೆಗೆ ಬೇಡ. ಏಷ್ಯಾದ ವರ್ತಕರು ಕೈಚಾಚಿ ತೆಗೆದುಕೊಂಡದ್ದು ಮುಖ್ಯವಾಗಿ ಬೆಳ್ಳಿ, ಹೊನ್ನು, ತಾಮ್ರ. ಕಂಪನಿ ತನ್ನ ಸುಮಾರು ಇನ್ನೂರು ವರ್ಷದ ಬಾಳಿನಲ್ಲಿ 4,700ಕ್ಕೂ ಹೆಚ್ಚು ಬಾರಿ ಹಡಗುಗಳನ್ನು ಪೂರ್ವದಿಕ್ಕಿಗೆ ಕಳಿಸಿತು. ಅವುಗಳ ಹೊಟ್ಟೆಯಲ್ಲಿ ಪೆಟ್ಟಿಗೆಪೆಟ್ಟಿಗೆ ಬೆಳ್ಳಿ: ಸ್ಪೇನಿನ ರಿಯಲ್‌ಗಳು, ಕುದುರೆ ಸವಾರನ ಮುದ್ರೆಯ ಡಚ್ ನಾಣ್ಯಗಳು, ಕಂಪನಿಯ ಚಿಹ್ನೆ ಒತ್ತಿದ ಗಟ್ಟಿಗಳು. 1740ರ ಜನವರಿಯಲ್ಲಿ ಹೊರಟ ‘ರೂಸ್‌ವೈಕ್’ ಎಂಬ ಹಡಗು ಇಂಗ್ಲೆಂಡಿನ ಕರಾವಳಿಯ ಗುಡ್‌ವಿನ್ ಮರಳುದಿಬ್ಬದಲ್ಲಿ ಸಿಕ್ಕಿ ಮುಳುಗಿತು. ಈ ಶತಮಾನದ ಆರಂಭದಲ್ಲಿ ಮುಳುಗುಗಾರರು ಅದನ್ನು ಹುಡುಕಿದಾಗ ಬೆಳ್ಳಿಯ ನಾಣ್ಯಗಳೂ ಗಟ್ಟಿಗಳೂ ಕೈಗೆ ಬಂದವು. ಒಂದೊಂದು ಗಟ್ಟಿಯೂ ಸುಮಾರು 2 ಕಿಲೋ ತೂಕದ್ದು. ಈ ಹಡಗು ಮುಳುಗಿದ್ದರಿಂದ ಅವು ಉಳಿದವು. ದಡ ಸೇರಿದ ಹಡಗುಗಳ ಗಟ್ಟಿಗಳಲ್ಲಿ ಉಳಿದದ್ದು ತೀರ ಕಡಿಮೆ. ಅವು ಟಂಕಸಾಲೆಗೋ ಅಕ್ಕಸಾಲೆಗೋ ಹೋಗಿ ಕರಗಿದವು.

ಕಂಪನಿಯ ಪೂರ್ವದ ರಾಜಧಾನಿ ಬಟೇವಿಯಾ, ಇಂದಿನ ಜಕಾರ್ತ. ಅಲ್ಲಿ ಡಚ್ ಬೆಳ್ಳಿ ಒಂದು ವಿಚಿತ್ರ ರೂಪ ತಳೆಯಿತು. ಅಲ್ಲಿ ನೆಲೆಸಿದ ಕಂಪನಿಯ ದೊಡ್ಡ ನೌಕರರ ಹೆಂಡಿರು ಎಲೆಯಡಿಕೆಗೆ ಬಿದ್ದರು. ಎಲೆಯಡಿಕೆ ಎಂದರೆ ಅದರ ಸಂಸಾರವೆಲ್ಲ ಬೇಕಲ್ಲ! ಎಲೆಗೆ ಪೆಟ್ಟಿಗೆ, ಸುಣ್ಣಕ್ಕೆ ಡಬ್ಬಿ, ಅಡಕೆಗೆ ಅಡಕೊತ್ತು, ಉಗುಳಲು ಪೀಕದಾನಿ. ಎಲ್ಲವೂ ಬೆಳ್ಳಿಯದಾಯಿತು, ಕೆಲವರದು ಚಿನ್ನದ್ದೂ ಆಯಿತು. ಯಜಮಾನಿತಿ ಇಗರ್ಜಿಗೆ ಹೊರಟರೆ ಎಲೆಪೆಟ್ಟಿಗೆ ಹಿಡಿದ ಗುಲಾಮ ಹಿಂದೆ. ಈ ಆಡಂಬರ ಎಷ್ಟು ಬೆಳೆಯಿತೆಂದರೆ 1754ರಲ್ಲಿ ಗವರ್ನರ್ ಜನರಲ್ ಯಾಕೋಬ್ ಮೋಸೆಲ್ ವೈಭವಕ್ಕೆ ಕಡಿವಾಣ ಹಾಕಲು ಕಾನೂನೇ ತಂದ. ಯಾವ ಅಂತಸ್ತಿನವರು ಏನನ್ನು ಮೆರೆಸಬಹುದು ಎಂದು ಅದರಲ್ಲಿ ಗೆರೆ ಎಳೆದ. ಹೂಬಳ್ಳಿಯ ಉಬ್ಬುಕೆಲಸದ ಆ ಪೆಟ್ಟಿಗೆಗಳು ಇಂದು ಸಂಗ್ರಾಹಕರ ಕಣ್ಮಣಿಗಳು. ನಮ್ಮ ಕಡೆಯ ಅಜ್ಜಿ ಬಟ್ಟೆಯ ಚಂಚಿಯಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುವ ಸಂಸಾರವನ್ನೇ ಡಚ್ಚರು ಗಾಜಿನ ಕಪಾಟಿನಲ್ಲಿ ಇಟ್ಟಿದ್ದಾರೆ.

ಕಣ್ಣೂರಿನ ದಾರಿ

ಕನ್ನಡನಾಡಿನ ಅಂಚಿಗೆ ಡಚ್ಚರು 17ನೆಯ ಶತಮಾನದಲ್ಲೇ ಬಂದಿದ್ದರು. 1637ರಿಂದ ವೆಂಗುರ್ಲೆಯಲ್ಲಿ ಅವರ ಕೋಠಿ ಇತ್ತು. ಕೆಳದಿಯ ನಾಯಕರ ಸೀಮೆಯ ಬಸರೂರಿನಲ್ಲಿ ಅಕ್ಕಿ, ಮೆಣಸು ಕೊಳ್ಳುತ್ತಿದ್ದರು. 1663ರ ಆರಂಭದಲ್ಲಿ ಪೋರ್ಚುಗೀಸರಿಂದ ಮೊದಲು ಕೊಚ್ಚಿಯನ್ನೂ ಮರುತಿಂಗಳು ಕಣ್ಣೂರಿನ ಸೇಂಟ್ ಏಂಜೆಲೋ ಕೋಟೆಯನ್ನೂ ಕಸಿದುಕೊಂಡರು. ಮಲಯಾಳಿಗಳ ಬಾಯಲ್ಲಿ ಅವರು ‘ಲಂತಕ್ಕಾರರು’.

ಹಾರನಹಳ್ಳಿಯ ಕಡೆಯವರಿಗೆ ಹತ್ತಿರದ ಸಮುದ್ರ ಈ ಕಣ್ಣೂರಿನದೇ. ಪಿರಿಯಾಪಟ್ಟಣದಿಂದ ಪಡುವಲಕ್ಕೆ ಹೊರಟು, ಸಿದ್ದೇಶ್ವರದ ಕಾಡು ಹೊಕ್ಕು, ಕೊಡಗು ದಾಟಿ, ಘಟ್ಟ ಇಳಿದರೆ ಕಣ್ಣೂರಿನ ಬಂದರು. ಹೇರೆತ್ತುಗಳ ಸಾಲು ಕೊಡಗಿನ ಅಕ್ಕಿ, ಏಲಕ್ಕಿಗಳನ್ನು ಹೊತ್ತು ಇಳಿಯುತ್ತಿತ್ತು. ಉಪ್ಪು, ಒಣಮೀನು, ತೆಂಗಿನಕಾಯಿ, ನಾಣ್ಯಗಳನ್ನು ಹೊತ್ತು ಹತ್ತುತ್ತಿತ್ತು. ಕಣ್ಣೂರಿನ ಅರಕ್ಕಲ್ ಅರಸ ಆಲಿ ರಾಜನ ಏಲಕ್ಕಿಗೆ ಡಚ್ಚರು ಗಿರಾಕಿಗಳು. ಹಡಗಿನ ಬೆಳ್ಳಿ ಘಟ್ಟ ಏರಿದ ಬಾಗಿಲುಗಳಲ್ಲಿ ಇದೂ ಒಂದು. ಕೊಡವರ ಸೊಂಟದ ಪೀಚೆಕತ್ತಿಯ ಬೆಳ್ಳಿಕೆಲಸ ನೋಡಿದವರಿಗೆ ಈ ಮಲೆಸೀಮೆಗೆ ಬೆಳ್ಳಿಯ ಮೇಲೆ ಎಷ್ಟು ಮೋಹವೆಂದು ತಿಳಿದೀತು.

ಆದರೂ ಮೈಸೂರಿನ ಅರಸು ಬೆಳ್ಳಿಯ ಅರಸಾಗಿರಲಿಲ್ಲ. ಪಿರಿಯರಾಜನ ಹೆಸರಿನಲ್ಲಿ ನೆಲೆನಿಂತ ಚೆಂಗಾಳ್ವ ಅರಸರ ಪಿರಿಯಾಪಟ್ಟಣದ ಕೋಟೆಯನ್ನು 1640ರ ದಶಕದಲ್ಲಿ ಗೆದ್ದವನು ರಣಧೀರ ಕಂಠೀರವ ನರಸರಾಜ. ಅವನು ಟಂಕಿಸಿದ್ದು ಹೊನ್ನಿನ ಕಂಠೀರಾಯ ಹಣ. ಬೇಳೆಯಷ್ಟು ಸಣ್ಣ ನಾಣ್ಯ. ಹತ್ತು ಹಣಕ್ಕೆ ಒಂದು ವರಹದ ಲೆಕ್ಕ. ‘ನವಕೋಟಿ ನಾರಾಯಣ’ ಎನಿಸಿಕೊಂಡ ಚಿಕ್ಕದೇವರಾಜ ಒಡೆಯನ ಬೊಕ್ಕಸದ ಲೆಕ್ಕವೂ ಹೊನ್ನಿನಲ್ಲೇ. ದಕ್ಷಿಣದ ಪೇಟೆಗೆ ಹೊನ್ನೇ ಬೇಕೆಂದು ಕಂಡ ಡಚ್ಚರು ಪುಲಿಕಾಟ್, ನಾಗಪಟ್ಟಣಗಳಲ್ಲಿ ತಾವೇ ವರಹ ಟಂಕಿಸಿದರು. ಹಾಗಾಗಿ ಇಲ್ಲಿಗೆ ಬಂದ ಬೆಳ್ಳಿ ಚಲಾವಣೆಗೆ ನಿಲ್ಲದೆ ನೇರ ಅಕ್ಕಸಾಲಿಗನ ಮೂಸೆಗೆ ಬೀಳುತ್ತಿತ್ತು. ಕುದುರೆ ಸವಾರ ಕರಗಿ ಕಡಗವಾದ, ಸ್ಪೇನಿನ ದೊರೆ ಕರಗಿ ಕಾಲುಂಗುರವಾದ.

ಬೆಳ್ಳಿಗೆ ಮೈಸೂರಿನ ಮುದ್ರೆ ಬಿದ್ದದ್ದು ಟೀಪೂ ಸುಲ್ತಾನನ ಕಾಲದಲ್ಲಿ. ಎರಡು ರೂಪಾಯಿಗೆ ಹೈದರಿ, ಒಂದಕ್ಕೆ ಇಮಾಮಿ, ಅರ್ಧಕ್ಕೆ ಆಬಿದಿ, ಕಾಲಿಗೆ ಬಾಖಿರಿ ಎಂದು ಹೆಸರಿಟ್ಟು ಅವನು ಹೊರಡಿಸಿದ ಬೆಳ್ಳಿ ನಾಣ್ಯಗಳ ಅಚ್ಚುಕಟ್ಟಿಗೆ ನಾಣ್ಯ ಸಂಗ್ರಾಹಕರು ಇಂದಿಗೂ ತಲೆದೂಗುತ್ತಾರೆ.

ಡಚ್ಚರಿಗೂ ಮೈಸೂರಿಗೂ ಇದ್ದ ನಂಟು ಅಷ್ಟು ನಯವಾದದ್ದಲ್ಲ. 1766ರಲ್ಲಿ ಹೈದರಾಲಿ ಕಲ್ಲಿಕೋಟೆ ಗೆದ್ದಾಗ ಕೊಚ್ಚಿಯ ಡಚ್ಚರು ಪ್ರತಿನಿಧಿಗಳನ್ನು ಕಳಿಸಿ ಸ್ನೇಹದ ಮಾತಾಡಿದರು. 1776ರಲ್ಲಿ ಮೈಸೂರಿನ ಪಡೆ ಅವರದೇ ಚೇಟುವಾ ಕೋಟೆಯನ್ನು ಹಿಡಿಯಿತು. ಆ ವೇಳೆಗೆ ಡಚ್ಚರು ಮಲಬಾರಿನಲ್ಲಿ ಗಂಟುಮೂಟೆ ಕಟ್ಟತೊಡಗಿದ್ದರು. 1772ರಲ್ಲಿ ಕಣ್ಣೂರಿನ ಕೋಟೆಯನ್ನು ಅರಕ್ಕಲ್ ಆಲಿ ರಾಜನಿಗೆ 1 ಲಕ್ಷ ರೂಪಾಯಿಗೆ ಮಾರಿದ್ದರು. 1789ರಲ್ಲಿ ಕೊಡುಂಗಲ್ಲೂರು ಮತ್ತು ಆಯ್ಕೋಟೆಗಳನ್ನು ತಿರುವಾಂಕೂರಿಗೆ 3 ಲಕ್ಷ ರೂಪಾಯಿಗೆ ಮಾರಿದರು. ಅವು ತನ್ನ ಸಾಮಂತನಾದ ಕೊಚ್ಚಿಯ ನೆಲದ ಮೇಲಿವೆ, ಮಾರಲು ಡಚ್ಚರು ಯಾರು ಎಂದು ಟೀಪೂ ಕೆರಳಿದ. ವರ್ಷದ ಕೊನೆಗೆ ತಿರುವಾಂಕೂರಿನ ಗಡಿಗೋಡೆಯ ಮೇಲೆ ಬಿದ್ದ. ಮೂರನೆಯ ಮೈಸೂರು ಯುದ್ಧಕ್ಕೆ ಕಿಡಿ ಹತ್ತಿದ್ದು ಹೀಗೆ.

ಆ ಕಿಡಿ ಪಿರಿಯಾಪಟ್ಟಣವನ್ನೂ ಸುಟ್ಟಿತು. ಕೊಡಗಿನ ದೊಡ್ಡವೀರರಾಜೇಂದ್ರ ಈ ಕೋಟೆಯ ಸೆರೆಯಿಂದ 1788ರಲ್ಲಷ್ಟೇ ತಪ್ಪಿಸಿಕೊಂಡು ಹೋಗಿದ್ದ. 1791ರಲ್ಲಿ ಅವನ ನೆರವಿನಿಂದಲೇ ಇಂಗ್ಲಿಷರ ಸೇನಾಪತಿ ಅಬರ್‌ಕ್ರೋಂಬಿಯ ಮುಂಬಯಿ ಸೈನ್ಯ ಕಣ್ಣೂರಿನ ದಾರಿ ಹಿಡಿದು ಪಿರಿಯಾಪಟ್ಟಣದವರೆಗೆ ಬಂತು. ಶತ್ರುವಿಗೆ ನೆಲೆಯಾಗಬಾರದೆಂದು ಕೋಟೆಯನ್ನು ಮೈಸೂರಿನವರೇ ಒಡೆದರು. 1799ರಲ್ಲಿ ಜನರಲ್ ಸ್ಟುವರ್ಟನ ಸೈನ್ಯ ಅದೇ ದಾರಿಯಲ್ಲಿ ಮತ್ತೆ ಏರಿಬಂತು; ಮಾರ್ಚ್ 6ರಂದು ಸಿದ್ದೇಶ್ವರದ ಕಾಡಿನಲ್ಲಿ ಟೀಪೂ ತಾನೇ ಮುಂದೆ ನಿಂತು ಅದನ್ನು ತಡೆಯಲು ಹೋಗಿ ಹಿಂದೆ ಸರಿದ. ಏಲಕ್ಕಿಯ ದಾರಿ ಫಿರಂಗಿಯ ದಾರಿಯಾಗಿತ್ತು.

ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಸೂರೆಯ ಪಾಲು ಹಂಚಲು ನಿಂತವರು ಟೀಪೂವಿನ ಹುಲಿಸಿಂಹಾಸನವನ್ನು ಒಡೆದು ಹೊನ್ನಿನ ತಗಡನ್ನು ತುಂಡುತುಂಡು ಮಾಡಿದರು. ದೊಡ್ಡ ಹುಲಿತಲೆಯೂ ಹುಮಾ ಹಕ್ಕಿಯೂ ಇಂಗ್ಲೆಂಡಿನ ಅರಮನೆ ಸೇರಿದವು. ಅಂಚಿನಲ್ಲಿದ್ದ ಸಣ್ಣ ಹುಲಿತಲೆಗಳು ಚೆದುರಿದವು. ಅವುಗಳಲ್ಲಿ ಕೆಲವು ಈ ಶತಮಾನದಲ್ಲಿ ಲಂಡನ್ನಿನ ಹರಾಜಿನಲ್ಲಿ ಮತ್ತೆ ಬೆಳಕಿಗೆ ಬಂದವು. ಅದೇ 1799ರ ಡಿಸೆಂಬರ್ 31ರಂದು ಡಚ್ ಈಸ್ಟ್ ಇಂಡಿಯಾ ಕಂಪನಿಯೂ ಕಣ್ಣುಮುಚ್ಚಿತು. ಕೋಟೆ ಮಾರಿದವನೂ ಮಾರಬಾರದೆಂದವನೂ ಒಂದೇ ವರ್ಷ ಅಳಿದರು.

ಸಂಗ್ರಾಹಕರು ಹುಟ್ಟಿದ ಬಗೆ

ಡಚ್ಚರು ತಮ್ಮ ಬೆಳ್ಳಿಯನ್ನು ಕರಗಿಸದೆ ಕಾಪಾಡಿದರು ಎಂದುಕೊಂಡರೆ ತಪ್ಪು. ಅವರೂ ಕರಗಿಸಿದರು. ಹಳೆಯ ಮಾದರಿ ಬೇಸರವಾದರೆ ಅದನ್ನು ಕೊಟ್ಟು ಹೊಸದು ಮಾಡಿಸುವುದು ಅಲ್ಲೂ ರೂಢಿ. 1795ರಲ್ಲಿ ಫ್ರೆಂಚರು ನುಗ್ಗಿದ ಮೇಲಂತೂ ಯುದ್ಧದ ಖರ್ಚಿಗೆ ಮನೆಮನೆಯ ಬೆಳ್ಳಿ ಟಂಕಸಾಲೆಯ ಹಾದಿ ಹಿಡಿಯಿತು. ಇಂದು ಉಳಿದಿರುವುದು ಆ ಮಹಾ ಮೂಸೆಯಿಂದ ತಪ್ಪಿಸಿಕೊಂಡದ್ದು.

1814ರಲ್ಲಿ ದೇಶಕ್ಕೆಲ್ಲ ಒಂದೇ ಮುದ್ರೆಯ ಕ್ರಮ ಬಂತು. ಸಿಂಹದ ಗುರುತಿನ ಜೊತೆ 1 ಎಂದಿದ್ದರೆ ಸಾವಿರಕ್ಕೆ 934 ಪಾಲು ಶುದ್ಧ ಬೆಳ್ಳಿ, 2 ಎಂದಿದ್ದರೆ 833 ಪಾಲು. ಚಿಕ್ಕ ಸಾಮಾನಿಗೆ ಪುಟ್ಟ ಕತ್ತಿಯ ಗುರುತು. ಶತಮಾನ ಸಾಗಿದಂತೆ ಅಜ್ಜಂದಿರ ಕಾಲದ ಮೇಲೆ ಮೊಮ್ಮಕ್ಕಳಿಗೆ ಹಂಬಲ ಹುಟ್ಟಿತು. ರೈಕ್ಸ್ ಮ್ಯೂಸಿಯಮ್ಮಿನ ಹೊಸ ಕಟ್ಟಡ 1885ರಲ್ಲಿ ತೆರೆಯಿತು. ಹಳೆಯ ಬೆಳ್ಳಿಗೆ ಬೆಲೆ ಬಂದ ಕೂಡಲೆ, ಹಳೆಯದರಂತೆ ಕಾಣುವ ಹೊಸ ಬೆಳ್ಳಿಗೂ ಪೇಟೆ ಹುಟ್ಟಿತು. ‘ಬೆಳ್ಳಿಯ ಊರು’ ಎಂದೇ ಹೆಸರಾದ ಸ್ಕೂನ್‌ಹೋವನ್ನಿನಲ್ಲಿ ಗಾಳಿಗಿರಣಿಯ ಬಟ್ಟಲು, ಚಿತ್ರದ ಚಮಚ, ಗೊಂಬೆಮನೆಯ ಪುಟಾಣಿ ಸಾಮಾನು ರಾಶಿರಾಶಿ ತಯಾರಾಗಿ ಹೊರದೇಶಕ್ಕೆ ಹೋದವು. ಕೆಲವದರ ಬೆನ್ನಿಗೆ ಹಳೆಯ ಊರುಮುದ್ರೆಗಳ ಅಣಕವೂ ಬಿತ್ತು. ಹಳೆ ಬೆಳ್ಳಿ ಕೊಳ್ಳುವವನು ಇಂದಿಗೂ ಎಡವುವುದು ಈ 19ನೆಯ ಶತಮಾನದ ನಕಲಿನ ಮೇಲೆ.

ಈ ಗೊಂದಲ ಬಿಡಿಸಲು ಒಬ್ಬ ಮನುಷ್ಯ ಬೇಕಾಯಿತು. ಎಲಿಯಾಸ್ ವೂಟ್ ಎಂಬಾತ ಊರೂರಿನ ಅಕ್ಕಸಾಲಿಗರ ಗುರುತುಗಳನ್ನು ಕೂಡಿಹಾಕಿ, 1912ರಲ್ಲಿ ಆಮ್‌ಸ್ಟರ್‌ಡ್ಯಾಮಿನದನ್ನು, ಮುಂದೆ ಹಾರ್ಲೆಮ್ ಮತ್ತು ಫ್ರೀಸ್‌ಲ್ಯಾಂಡಿನದನ್ನು ಪುಸ್ತಕವಾಗಿ ಹೊರತಂದ. ಅದುವರೆಗೆ ‘ಹಳೆಯ ಚಮಚ’ ಎನಿಸಿಕೊಂಡಿದ್ದದ್ದು ಇಂಥ ಊರಿನ, ಇಂಥ ಬೀದಿಯ, ಇಂಥವನ ಚಮಚವಾಯಿತು. ಸಂಗ್ರಹವೆಂಬುದು ಸಾಹುಕಾರನ ಹಣದಿಂದ ಶುರುವಾದರೂ, ಅದಕ್ಕೆ ಅರ್ಥ ಬಂದದ್ದು ಇಂಥ ಕಡತಗಾರರಿಂದ.

ಇತ್ತ ನಮ್ಮ ನಾಡಿನಲ್ಲಿ ಹೆಸರು ಬರೆಸಿಕೊಂಡ ಬೆಳ್ಳಿ ಎಂದರೆ ಯುರೋಪಿಯನ್ನರ ಅಂಗಡಿಗಳದ್ದು. ಮದರಾಸಿನ ಪಿ. ಓರ್ ಅಂಡ್ ಸನ್ಸ್ ದೇವರ ಮೂರ್ತಿಗಳನ್ನು ಉಬ್ಬುಕೆಲಸದಲ್ಲಿ ತುಂಬಿದ ‘ಸ್ವಾಮಿ ಬೆಳ್ಳಿ’ಯ ಚಹಾ ಸಾಮಾನಿಗೆ ಹೆಸರಾಯಿತು, 1875-76ರಲ್ಲಿ ಇಂಗ್ಲೆಂಡಿನ ಯುವರಾಜ ಬಂದಾಗ ಅದೇ ಕಾಣಿಕೆಯಾಯಿತು. ಬಡಿದವರು ನಮ್ಮ ಅಕ್ಕಸಾಲಿಗರು, ಮುದ್ರೆ ಮಾತ್ರ ಅಂಗಡಿಯದು. ಮೈಸೂರು ಅರಮನೆಯ ಅಂಬಾವಿಲಾಸಕ್ಕೆ ಹೋಗುವ ಬೆಳ್ಳಿಯ ಬಾಗಿಲ ಮುಂದೆ ನಿಂತವರು ಆ ಕೈಗಳ ಕಸುಬನ್ನು ಕಣ್ತುಂಬ ಕಾಣಬಹುದು.

1870ರ ದಶಕದಲ್ಲಿ ಜರ್ಮನಿ, ಹಾಲೆಂಡ್ ಮೊದಲಾದ ದೇಶಗಳು ಬೆಳ್ಳಿ ನಾಣ್ಯ ಬಿಟ್ಟು ಚಿನ್ನ ಹಿಡಿದವು. ಬೆಳ್ಳಿಯ ಬೆಲೆ ಕುಸಿಯಿತು. 1893ರಲ್ಲಿ ಭಾರತದ ಟಂಕಸಾಲೆಗಳೂ ಜನರ ಬೆಳ್ಳಿಗೆ ಬಾಗಿಲು ಹಾಕಿದವು. ಅಗ್ಗವಾದ ಬೆಳ್ಳಿ ಹಳ್ಳಿಯ ಮನೆಗೂ ಸುಲಭವಾಗಿ ಇಳಿಯಿತು. 1918ರಲ್ಲಿ ಅಮೆರಿಕ ತನ್ನ ಬೆಳ್ಳಿ ಡಾಲರುಗಳನ್ನು ಕೋಟಿಗಟ್ಟಲೆ ಕರಗಿಸಿ ಭಾರತಕ್ಕೆ ಮಾರಿತು. ಪೊಟೋಸಿಯಿಂದ ಅಮೆರಿಕದವರೆಗೆ, ಎಲ್ಲರ ಬೆಳ್ಳಿಗೂ ಕೊನೆಯ ನಿಲ್ದಾಣ ನಮ್ಮ ಮೂಸೆಯೇ ಆಯಿತು.

ತೂಕದ ಲೆಕ್ಕ

ಈಗ ಹಾರನಹಳ್ಳಿಗೆ ಮರಳೋಣ. ಇಲ್ಲಿನ ಹೊಲ ಹೊಗೆಸೊಪ್ಪಿನದು. ಬ್ಯಾರನ್ನಿನಲ್ಲಿ ಬೇಯಿಸಿದ ಸೊಪ್ಪು ಬೇಲಾಗಿ ಹರಾಜು ಕಟ್ಟೆಗೆ ಹೋಗಿ ಕೈಗೆ ಹಣ ಬಂದಾಗ ಸಾಲ ತೀರಿಸಿ ಮಿಕ್ಕಿದರೆ ಹೆಂಗಸರು ಪಿರಿಯಾಪಟ್ಟಣದ ಅಥವಾ ಹುಣಸೂರಿನ ಬೆಳ್ಳಿ ಅಂಗಡಿಗೆ ಕಾಲಿಡುತ್ತಾರೆ. ಡಚ್ ಸಾಹುಕಾರ ಬೆಳ್ಳಿಯ ಡಬ್ಬಿಯಲ್ಲಿ ಹೊಗೆಸೊಪ್ಪು ಇಟ್ಟ, ನಮ್ಮವರು ಹೊಗೆಸೊಪ್ಪು ಕೊಟ್ಟು ಬೆಳ್ಳಿ ತಂದರು.

ಅಂಗಡಿಯಲ್ಲಿ ನಡೆಯುವುದನ್ನು ಒಂದು ಗಳಿಗೆ ನೋಡಿ. ಅವ್ವ ಸೆರಗಿನ ಗಂಟು ಬಿಚ್ಚುತ್ತಾಳೆ. ಅಂಚು ಸವೆದ ಕುಂಕುಮದ ಬಟ್ಟಲು, ಕಿವಿ ಮುರಿದ ದೀಪ, ಮೂತಿ ನಗ್ಗಿದ ಒಳಲೆ.

“ಇದನ್ನ ಹಾಕ್ಕೊಂಡು ಮೊಮ್ಮಗೀಗೆ ಒಂದು ತಟ್ಟೆ ಕೊಡಪ್ಪ.”

“ಹಳೇ ಬೆಳ್ಳಿ ಕಣವ್ವ, ಕರಗಿಸಿದ್ರೆ ಕಡಿಮೆ ಬರ್ತದೆ.”

ತಕ್ಕಡಿ, ಈಗ ಎಲೆಕ್ಟ್ರಾನಿಕ್ ತಕ್ಕಡಿ, ಇಷ್ಟು ಗ್ರಾಂ ಎನ್ನುತ್ತದೆ. ಒರೆಗಲ್ಲಿನ ಮೇಲೆ ಒಂದು ಗೀರು. ಮಜೂರಿ ಕಳೆದು, ತೇಮಾನು ಕಳೆದು ಚೀಟಿಯ ಮೇಲೆ ಒಂದು ಮೊತ್ತ. ಮೂರು ತಲೆಮಾರಿನ ಮೂರು ಸಾಮಾನು ಐದು ನಿಮಿಷದಲ್ಲಿ ಮೂಸೆಗೆ ಸೇರಿದವು. ಅವ್ವನಿಗೆ ಅದರಲ್ಲಿ ನಷ್ಟವೇನೂ ಕಾಣುವುದಿಲ್ಲ. ಬೆಳ್ಳಿ ಎಲ್ಲೂ ಹೋಗಿಲ್ಲ, ರೂಪ ಬದಲಾಗಿದೆ, ಅಷ್ಟೆ. ಬರ ಬಂದಾಗ ಅಡವಿಟ್ಟು, ಮದುವೆ ಬಂದಾಗ ಬಿಡಿಸಿ, ಮಗಳಿಗೆ ಪಾಲು ಕೊಟ್ಟು ಬಾಳು ಸಾಗಿಸಿದ ಜನ ತೂಕವನ್ನು ನಂಬಿದ್ದರಲ್ಲಿ ತಪ್ಪೇನು? ಡಚ್ ಸಾಹುಕಾರನ ಮೇಜಿನ ಬೆಳ್ಳಿ ಮನೆತನದ ಹೆಮ್ಮೆಯಾಗಿತ್ತು. ನಮ್ಮವ್ವನ ಗಂಟಿನ ಬೆಳ್ಳಿ ಅವಳ ಬ್ಯಾಂಕು. ಬ್ಯಾಂಕಿನಲ್ಲಿಟ್ಟ ನೋಟು ಯಾವ ಇಸವಿಯದೆಂದು ಯಾರೂ ಕೇಳುವುದಿಲ್ಲ.

ಹಾಗೆಂದು ಕಳೆದುಕೊಂಡದ್ದು ಏನೂ ಇಲ್ಲವೆನ್ನುವಂತಿಲ್ಲ. ಆ ಒಳಲೆಯನ್ನು ಯಾವ ಅಕ್ಕಸಾಲಿಗ ಬಡಿದ, ಮೂತಿಯನ್ನು ಅಷ್ಟು ನಯವಾಗಿ ಹೇಗೆ ಎಳೆದ, ಈ ಸೀಮೆಯ ಒಳಲೆಗೂ ಕೊಡಗಿನದಕ್ಕೂ ಏನು ಬೇರೆತನ, ಇದಕ್ಕೆಲ್ಲ ಉತ್ತರ ಹೇಳಬೇಕಾದ ಸಾಮಾನೇ ಕರಗಿಹೋಯಿತು. 1963ರ ಚಿನ್ನ ನಿಯಂತ್ರಣದ ಏಟಿಗೆ ಊರೂರಿನ ಅಕ್ಕಸಾಲಿಗರು ಕಸುಬು ಬಿಟ್ಟರು. ಅವರ ಕೈಯ ಗುರುತನ್ನು ಬರೆದಿಡುವ ವೂಟ್ ನಮ್ಮಲ್ಲಿ ಹುಟ್ಟಲಿಲ್ಲ. ಬೆಳ್ಳಿಗೆ ಸರ್ಕಾರದ ಹಾಲ್‌ಮಾರ್ಕ್ ಮುದ್ರೆ ಬಂದದ್ದೇ 2005ರಲ್ಲಿ. ಹಾಲೆಂಡಿನ ಕಿರೀಟದ ಸಿಂಹಕ್ಕಿಂತ 342 ವರ್ಷ ತಡವಾಗಿ. ಸೋಜಿಗವೆಂದರೆ ಹೆಸರು ಕೊರೆಸುವ ಅಭ್ಯಾಸ ನಮಗಿಲ್ಲದ್ದೇನಲ್ಲ. ಮದುವೆಯ ಸ್ಟೀಲ್ ಕೊಳಗ, ಹಿತ್ತಾಳೆ ಹಂಡೆಗಳ ಮೇಲೆ ಪಾತ್ರೆ ಅಂಗಡಿಯವನಿಂದ ಹೆಸರು, ತಾರೀಕು ಚುಕ್ಕಿಚುಕ್ಕಿಯಾಗಿ ಹಾಕಿಸುತ್ತೇವೆ. ಅದೂ ನೆರೆಮನೆಗೆ ಹೋದದ್ದು ತಿರುಗಿ ಬರಲೆಂದು! ಬೆಳ್ಳಿ ನೆರೆಮನೆಗೆ ಹೋಗುವುದಿಲ್ಲವಾದ್ದರಿಂದ ಅದಕ್ಕೆ ಹೆಸರಿಲ್ಲ.

ಓದುಗರಲ್ಲಿ ಒಂದು ಬಿನ್ನಹ. ಬೆಳ್ಳಿಯನ್ನು ಕರಗಿಸಬೇಡಿ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಮನೆಯ ಕಷ್ಟ ಮನೆಯವರಿಗೇ ಗೊತ್ತು. ಆದರೆ ಮುಂದಿನ ಸಲ ಅಜ್ಜಿಯ ಒಳಲೆ ಅಂಗಡಿಗೆ ಹೊರಡುವ ಮುನ್ನ ಅದನ್ನು ಒಮ್ಮೆ ತಿರುವಿ ನೋಡಿ. ಮೊಬೈಲಿನಲ್ಲಿ ನಾಲ್ಕು ಬದಿಯಿಂದ ಫೋಟೋ ತೆಗೆಯಿರಿ. ತೂಕ ಎಷ್ಟು, ಯಾರ ತವರಿಂದ ಬಂತು, ಯಾವ ಊರಿನ ಅಕ್ಕಸಾಲಿಗ ಮಾಡಿದ್ದು, ಯಾವ ಕೂಸು ಅದರಲ್ಲಿ ಹಾಲು ಕುಡಿಯಿತು ಎಂದು ಅಜ್ಜಿಯನ್ನೇ ಕೇಳಿ ಒಂದು ಹಾಳೆಯಲ್ಲಿ ಬರೆದಿಡಿ. ಬೆಳ್ಳಿ ಹೋದರೂ ಆ ಹಾಳೆ ಮನೆಯಲ್ಲಿ ಉಳಿಯುತ್ತದೆ. ಅಜ್ಜಿ ಇರುವಾಗಲೇ ಕೇಳಿ.